ಗಿರಣಿಯ ಹಿಟ್ಟು, ಕೈಯ ಪುಡಿ

ನನ್ನ ಮೊಮ್ಮಗಳು ಈಚೆಗೆ ಮನೆಗೆ ತಂದಿರಿಸಿರುವ ಏರ್ ಫ್ರೈಯರ್ ಎಂಬ ಉಪಕರಣವು, ಎಣ್ಣೆಯ ಬಾಣಲೆಯನ್ನು ಅಟ್ಟ ಹತ್ತಿಸಿಯೇ ತೀರುವೆನೆಂಬ ಪ್ರತಿಜ್ಞೆಯೊಡನೆ ನಮ್ಮ ಅಡುಗೆಮನೆಯನ್ನು ಪ್ರವೇಶಿಸಿತು. ಫಿಲಿಪ್ಸ್ ಸಂಸ್ಥೆಯವರು 2010ರಲ್ಲಿ ಮಾರುಕಟ್ಟೆಗೆ ತಂದ ಮೇಲೆ ಲೋಕಪ್ರಸಿದ್ಧವಾದ ಈ ಜಾತಿಯ ಯಂತ್ರದ ಅಂತರಂಗ ಬಹಳ ಸರಳವಾದುದು. ಕಾಯುವ ತಂತಿಯೊಂದು, ಅದರ ಬಿಸಿಯನ್ನು ರಭಸದಿಂದ ಸುತ್ತಿಸುವ ಬೀಸಣಿಗೆಯೊಂದು, ಗಾಳಿಯಾಡಲು ರಂಧ್ರಗಳುಳ್ಳ ಬುಟ್ಟಿಯೊಂದು. 200 ಡಿಗ್ರಿಯವರೆಗೆ ಕಾದ ಗಾಳಿಯು ಆಲೂಗಡ್ಡೆಯ ಹೋಳುಗಳ ಮೈಮೇಲಣ ತೇವವನ್ನು ಹೀರಿ ಅವನ್ನು ಗರಿಗರಿಯಾಗಿಸುತ್ತದೆ. ಅಷ್ಟಕ್ಕೇ ಬಿಟ್ಟರೆ ಅವು ಸಪ್ಪೆ. ಆದುದರಿಂದ ಯಂತ್ರದ ಬೆನ್ನಿಗೇ ಸೀಸೆಗಳ ಒಂದು ಪರಿವಾರವೂ ಬಂದು ಶೆಲ್ಫಿನ ಮೇಲೆ ನೆಲೆಸಿತು: ಓರೆಗಾನೊ, ಪೆರಿ ಪೆರಿ, ಬೆಳ್ಳುಳ್ಳಿಯ ಪುಡಿ, ಒಣಮೆಣಸಿನಕಾಯಿಯ ಚೂರು, ಹೆಸರು ನಾಲಗೆಗೆ ಹೊರಳದ ಇನ್ನೂ ಕೆಲವು. ಅವನ್ನು ಒಂದೊಂದಾಗಿ ಉದುರಿಸಿ ತಂದು ನನ್ನ ಮುಂದೆ ಹಿಡಿದು ತೀರ್ಪು ಕೇಳುವುದು ಆ ಹುಡುಗಿಗೆ ಒಂದು ವಿನೋದವಾಯಿತು. ನಾನೂ ನ್ಯಾಯಾಧೀಶನ ಗಾಂಭೀರ್ಯದಿಂದ ತಿಂದು, ಇದು ಚೆನ್ನ, ಅದು ಹುಳಿ ಜಾಸ್ತಿ ಎಂದು ಹೇಳುತ್ತ ಬಂದು, ಒಂದು ಸಂಜೆ ಏನು ತೋಚಿತೋ ಕಾಣೆ, “ಗುರೆಳ್ಳು ಪುಡಿ ಹಾಕಿ ನೋಡು” ಎಂದುಬಿಟ್ಟೆನು.

ಮೈಸೂರಿನಲ್ಲಿ ಹುಟ್ಟಿ ಬೆಳೆದ ಆಕೆಗೆ ಗುರೆಳ್ಳು ಏನೆಂಬುದೇ ತಿಳಿಯದು. ಉತ್ತರ ಕರ್ನಾಟಕದ ತಿಂಡಿ ಮಾರುವ ಅಂಗಡಿಯೊಂದರಿಂದ ಪೊಟ್ಟಣ ತರಿಸಿದ್ದಾಯಿತು. ಕತ್ತರಿಸಿ ಮೂಗಿನ ಬಳಿಗೆ ಒಯ್ದರೆ, ಹುರಿದ ಎಣ್ಣೆಕಾಳಿನ ಕಮಟು ಕಮಟಾದ ಪರಿಮಳ, ಅದರ ಹಿಂದೆಯೇ ಬೆಳ್ಳುಳ್ಳಿ. ಮೊಮ್ಮಗಳು ಅದನ್ನು ಆಲೂಗಡ್ಡೆಗೆ ಉದುರಿಸಿ ಫಲಿತಾಂಶಕ್ಕಾಗಿ ನನ್ನ ಮುಖ ನೋಡುತ್ತಿದ್ದಾಗ, ನನ್ನ ಚಿತ್ತವು ಅರ್ಧ ಶತಮಾನಕ್ಕೂ ಹಿಂದೆ, ತಿಳವಳ್ಳಿಯ ಒಂದು ಪಡಸಾಲೆಯಲ್ಲಿತ್ತು.

1968ರ ಮುಂಗಾರಿನಲ್ಲಿ ನಾನು ಹಾಸನದ ಕಡೆಯಿಂದ ಉಪಾಧ್ಯಾಯ ವೃತ್ತಿಯನ್ನರಸಿ ಆ ಊರಿಗೆ ಹೋದೆನು. ಊರು ಸೇರಿದ್ದ, ಈಗ ಹಾವೇರಿ ಜಿಲ್ಲೆಯಲ್ಲಿರುವ ಹಾನಗಲ್ಲ ತಾಲೂಕು ಆಗ ಧಾರವಾಡ ಜಿಲ್ಲೆಯಲ್ಲಿತ್ತು. ಏಕೀಕರಣವಾಗಿ ಹನ್ನೆರಡು ವರ್ಷ ಕಳೆದಿದ್ದರೂ ನನ್ನಂಥವನನ್ನು ಅಲ್ಲಿಯ ಜನ “ಮೈಸೂರ ಕಡೆಯವರು” ಎಂದೇ ಎಣಿಸುತ್ತಿದ್ದರು. ಹದಿಮೂರನೆಯ ಶತಮಾನದ ಶಾಂತೇಶ್ವರ ದೇವಾಲಯ, ಅದರ ನುಣುಪುಗೊಂಡ ಕಂಬಗಳು, ಊರಿನ ವಿಸ್ತಾರವಾದ ಕೆರೆ, ಕೆರೆಯ ಕೆಳಗಣ ಭತ್ತದ ಗದ್ದೆಗಳು—ಇವು ನನ್ನ ಕಣ್ಣಿಗೆ ಮೊದಲು ಬಿದ್ದುವು. ಮಲೆನಾಡು ಮುಗಿದು ಬಯಲುಸೀಮೆ ಮೊದಲಾಗುವ ಆ ಅಂಚಿನಲ್ಲಿ ಅಕ್ಕಿಗೂ ಜೋಳಕ್ಕೂ ಜಗಳವಿಲ್ಲ. ಎರಡೂ ಒಂದೇ ತಾಟಿನಲ್ಲಿ ಸುಖವಾಗಿ ಸಂಸಾರ ಮಾಡಿಕೊಂಡಿರುತ್ತವೆ.

ನನಗೆ ಬಾಡಿಗೆಗೆ ದೊರೆತುದು ಒಂದು ದೊಡ್ಡ ಒಕ್ಕಲುಮನೆಯ ಮುಂಭಾಗದ ಕೋಣೆ. ಮನೆಯ ಯಜಮಾನಿತಿಯನ್ನು ಊರೆಲ್ಲ ಅವ್ವ ಎನ್ನುತ್ತಿದ್ದಿತು, ನಾನೂ ಹಾಗೆಯೇ ಕರೆದೆನು. ನಾನು ಹೋದ ದಿನ ರಾತ್ರಿ ಆಕೆ ಕಳುಹಿಸಿದ ತಾಟಿನಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಯ, ಮೊಸರಿನ ನಡುವೆ ಗುಂಡಿ ತೋಡಿ ಸುರಿದ ಗುರೆಳ್ಳು ಪುಡಿ, ಒಂದು ಕಡೆ ಅನ್ನ, ಅದರ ಮೇಲೆ ನೆತ್ತರಿನಂತೆ ಕೆಂಪಾದ ಸಾರು. ಆ ಬಣ್ಣವನ್ನು ಕಂಡು ನನಗೆ ಜೀವವೇ ಹಾರಿಹೋಯಿತು. ಬಾಯಿಗೆ ಹಾಕಿಕೊಂಡರೆ ಖಾರವೇ ಇಲ್ಲ! ಬ್ಯಾಡಗಿಯ ಮೆಣಸಿನಕಾಯಿಯ ಸ್ವಭಾವವೇ ಅಂಥದು. ಮೈಯೆಲ್ಲ ಸುಕ್ಕು, ಬಣ್ಣ ಗಾಢ, ಉರಿ ಅತ್ಯಲ್ಪ. ಬಣ್ಣ ಕೊಡುವ ದ್ರವ್ಯ ಬೇರೆ, ಉರಿ ಕೊಡುವ ದ್ರವ್ಯ ಬೇರೆ ಎಂಬ ರಸಾಯನಶಾಸ್ತ್ರದ ಮಾತನ್ನು ನಾನು ಪುಸ್ತಕದಲ್ಲಿ ಓದುವುದಕ್ಕೆ ಬಹಳ ಮೊದಲೇ ಆ ಸಾರಿನಿಂದ ಕಲಿತೆನು. ಅದೇ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆತು, ಅದರ ಬಣ್ಣವನ್ನು ಹಿಂಡಿ ತೆಗೆದು ದೇಶಾಂತರಕ್ಕೆ ಕಳುಹಿಸುವ ಉದ್ಯಮವೂ ಬೆಳೆದಿದೆ. ಆದರೆ ಅವ್ವನಿಗೆ ಅದರಲ್ಲಿ ಗೊತ್ತಿದ್ದುದು ಎರಡೇ ಜಾತಿ: ಗಿಡ್ಡವಾಗಿ ಉಬ್ಬಿಕೊಂಡಿರುವ ಡಬ್ಬಿ, ನೀಳವಾಗಿ ಸಪೂರಾಗಿರುವ ಕಡ್ಡಿ. ಚೀಲದಲ್ಲಿ ಕೈಯಾಡಿಸಿ, ಕಾಯಿಯನ್ನು ಮುರಿಯದೆಯೇ ಬೆಲೆ ಕಟ್ಟುತ್ತಿದ್ದಳು.

ನಾನು ಬರುವಾಗ ಬರಿಗೈಯಲ್ಲಿ ಬಂದಿರಲಿಲ್ಲ. ನನ್ನ ಟ್ರಂಕಿನಲ್ಲಿ ಒಂದು ಹಿತ್ತಾಳೆಯ ಪಂಪ್ ಸ್ಟವ್, ಒಂದು ಕಾಫಿ ಫಿಲ್ಟರ್, ಹಾರ್ಲಿಕ್ಸ್ ಸೀಸೆಯಲ್ಲಿ ತಾಯಿ ತುಂಬಿಕೊಟ್ಟ ಸಾರಿನ ಪುಡಿ, ಇವೆಲ್ಲಕ್ಕೂ ಮುಕುಟಪ್ರಾಯವಾಗಿ ಒಂದು ಪ್ರೆಶರ್ ಕುಕ್ಕರ್ ಇದ್ದುವು. ಸ್ವಯಂಪಾಕಿಯಾದ ಬ್ರಹ್ಮಚಾರಿಗೆ ಇದಕ್ಕಿಂತ ಸಂಪತ್ತು ಬೇಡ. ಸ್ಟವ್ ಹೊತ್ತಿಸುವುದು ಆಗ ಒಂದು ಕರ್ಮಾಂಗವೇ ಆಗಿತ್ತು. ಬಟ್ಟಲಿಗೆ ಸ್ಪಿರಿಟ್ ಹನಿಸಿ ಕಡ್ಡಿ ಗೀರಿ, ಅದು ಉರಿದು ಮುಗಿಯುವ ಸಮಯವನ್ನು ಕಾದು, ಪಿನ್ನಿನಿಂದ ನಳಿಗೆಯ ಕಣ್ಣನ್ನು ಚುಚ್ಚಿ, ಪಂಪು ಹೊಡೆಯಬೇಕು. ಅವಸರ ಮಾಡಿದರೆ ಹಳದಿಯ ಜ್ವಾಲೆ ಆಳೆತ್ತರಕ್ಕೆ ಎದ್ದು ಹುಬ್ಬನ್ನು ಸವರಿಕೊಂಡು ಹೋಗುತ್ತದೆ, ತಾಳ್ಮೆಯಿದ್ದರೆ ನೀಲಿಯ ಉರಿ ಭೋರೆಂದು ಮೊರೆಯುತ್ತದೆ. ಪಡಸಾಲೆಯಲ್ಲಿ ಕೂತು ಇದನ್ನು ನೋಡುತ್ತಿದ್ದ ಅವ್ವ, “ಚಾ ಕಾಸಾಕ ಇಷ್ಟ ಗದ್ದಲೇನ್ರಿ ಮಾಸ್ತರ?” ಎಂದಳು. ಚಿಮಣಿ ಎಣ್ಣೆ ಪಡಿತರದಲ್ಲಿ ಸಿಕ್ಕುವಷ್ಟೇ ಸಿಕ್ಕುತ್ತಿದ್ದ ಕಾಲ. ಹೊಲದ ಹತ್ತಿಕಟ್ಟಿಗೆಯನ್ನು ಪುಕ್ಕಟೆಯಾಗಿ ಉರಿಸುವವಳಿಗೆ ಆ ಪ್ರಶ್ನೆ ಸಹಜವೇ ಆಗಿತ್ತು.

ಆದರೆ ಆಕೆಗೆ ಹೊಸದರ ಮೇಲೆ ವೈರವಿದ್ದಿತೆಂದು ತಿಳಿಯಬಾರದು. ಇದನ್ನು ಒತ್ತಿ ಹೇಳುತ್ತೇನೆ. ಏಕೆಂದರೆ ಹಳ್ಳಿಯ ಮುದುಕಿಯರನ್ನೆಲ್ಲ ಸಂಪ್ರದಾಯದ ಪ್ರತಿಮೆಗಳನ್ನಾಗಿ ಕಡೆದು ನಿಲ್ಲಿಸುವ ಚಾಳಿ ನಮ್ಮ ಬರಹಗಾರರಲ್ಲಿ ಬಹಳ ಹಿಂದಿನದು. ಆ ಮನೆಯ ನಡುಕೋಣೆಯಲ್ಲಿ ಒಂದು ಬೀಸುವ ಕಲ್ಲಿತ್ತು. ನಾನು ಹೋಗುವ ವೇಳೆಗಾಗಲೇ ಊರಿಗೆ ಗಿರಣಿ ಬಂದಿತ್ತಾಗಿ ಕಲ್ಲು ಉಪಯೋಗ ತಪ್ಪಿ, ಅದರ ಗೂಟಕ್ಕೆ ಜೋಳದ ಚೀಲವನ್ನು ತಗುಲಿಸಿದ್ದರು. ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಪುಸ್ತಕವನ್ನು ಓದಿ ತಲೆಯ ತುಂಬ ಜಾನಪದದ ಉತ್ಸಾಹವನ್ನು ತುಂಬಿಕೊಂಡಿದ್ದ ನಾನು, ಒಂದು ನೋಟ್‌ಬುಕ್ ಹಿಡಿದು ಹೋಗಿ, ಬೀಸುವ ಪದಗಳನ್ನು ಹೇಳಿರೆಂದು ಕೇಳಿದೆನು. ಕಲ್ಲು ನಿಂತ ಮೇಲೆ ಹಾಡೂ ನಿಂತುಹೋಯಿತಲ್ಲ ಎಂದು ಒಂದಿಷ್ಟು ಶೋಕವನ್ನೂ ವ್ಯಕ್ತಪಡಿಸಿದೆನು. ಅವ್ವ ನಕ್ಕು ನುಡಿದ ಮಾತು ಇದು: “ಹಾಡ ಬೇಕಂದ್ರ ನೀವ ಬೀಸ್ರಿ ಮಾಸ್ತರ, ನಾ ಕುಂತ ಹಾಡತೇನಿ.”

ಗಿರಣಿಯನ್ನು ಹಳಿಯುತ್ತಿದ್ದವನು ಆ ಮನೆಯ ಹಿರಿಯ, ಆಕೆಯ ಗಂಡ. ಗಿರಣಿಯ ಹಿಟ್ಟಿನ ರೊಟ್ಟಿಗೆ ರುಚಿಯಿಲ್ಲ, ಅದು ಸುಟ್ಟ ಹಿಟ್ಟು, ಹೊಟ್ಟೆಗೆ ಹಿಡಿಯುವುದಿಲ್ಲ ಎಂದು ಪ್ರತಿ ಊಟಕ್ಕೂ ಒಂದು ಆಕ್ಷೇಪಣೆಯನ್ನು ಉಪ್ಪಿನಕಾಯಿಯ ಜತೆಗೆ ನಂಜಿಕೊಳ್ಳುತ್ತಿದ್ದನು. ಆತ ಕಲ್ಲಿನ ಗೂಟವನ್ನು ಹಿಡಿದವನಲ್ಲ. ಕೋಳಿ ಕೂಗುವುದಕ್ಕೆ ಮೊದಲೇ ಎದ್ದು, ಮನೆಮಂದಿಗೂ ಆಳುಗಳಿಗೂ ಆಗುವಷ್ಟು ಜೋಳವನ್ನು ನಿತ್ಯವೂ ಬೀಸಿದವಳು, ಮದುವೆಯಾಗಿ ಆ ಮನೆಗೆ ಕಾಲಿಟ್ಟ ದಿನದಿಂದ ಮೊದಲಾಗಿ, ಈಕೆ. ಆಮೇಲಿನ ನನ್ನ ಜೀವಿತದಲ್ಲಿ ಕಲ್ಲಿನ ರುಚಿಯನ್ನು ಕೊಂಡಾಡುವ ಎಷ್ಟೋ ಲೇಖನಗಳನ್ನು ಓದಿದ್ದೇನೆ, ಒಂದೆರಡನ್ನು ಬರೆದೂ ಇದ್ದೇನೆ. ಅವುಗಳಲ್ಲಿ ಬಹುಪಾಲು ಗಂಡಸರವು.

ಆದರೂ ಯಜಮಾನನ ಆಕ್ಷೇಪಣೆಯಲ್ಲಿ ತಿರುಳಿಲ್ಲದೆ ಇರಲಿಲ್ಲ. ಅದನ್ನು ಕಂಡುಕೊಂಡು ಪರಿಹಾರ ಹುಡುಕಿದವಳೂ ಅವ್ವನೇ. ಗಿರಣಿಯ ಕಲ್ಲು ವೇಗವಾಗಿ ತಿರುಗುವುದರಿಂದ ಹಿಟ್ಟು ಕೈ ಸುಡುವಷ್ಟು ಬಿಸಿಯಾಗಿ ಬೀಳುತ್ತದೆ. ಆ ಬಿಸಿಯಲ್ಲೇ ಡಬ್ಬಕ್ಕೆ ಹಾಕಿ ಮುಚ್ಚಿದರೆ ಬೆವೆತು ಮುಗ್ಗಲು ವಾಸನೆ ಹಿಡಿಯುತ್ತದೆ. ರೊಟ್ಟಿ ಬಡಿಯುವಾಗ ಅಂಚು ಬಿರಿಯುತ್ತದೆ. ಅವ್ವ ಗಿರಣಿಯಿಂದ ಬಂದವಳೇ ಹಳೆಯ ಧೋತರವನ್ನು ಹಾಸಿ ಹಿಟ್ಟನ್ನು ತೆಳ್ಳಗೆ ಹರವುತ್ತಿದ್ದಳು; ಅಂಗೈಯಿಟ್ಟು ತಣ್ಣಗಾಯಿತೆಂದು ಗೊತ್ತಾದ ಮೇಲೆಯೇ ಡಬ್ಬಕ್ಕೆ ತುಂಬುವುದು. “ಬಿಸಿ ಹಿಟ್ಟಿನ್ಯಾಗ ಜಿಗಿ ಇರೂದಿಲ್ಲ” ಎಂಬುದು ಆಕೆಯ ಶಾಸ್ತ್ರ. ಕುದಿಯುವ ಎಸರಿನಲ್ಲಿ ಕಲಸಿ, ಚೆನ್ನಾಗಿ ನಾದಿ, ಆಮೇಲೆ ಬಡಿದರೆ ಗಂಡನ ತಕರಾರಿಗೆ ಅವಕಾಶ ಕಡಿಮೆಯಾಗುತ್ತಿತ್ತು. ಯಂತ್ರವನ್ನು ಒಪ್ಪಿಕೊಂಡು ಅದರ ಬಿಸಿಯನ್ನು ಮಾತ್ರ ಆಕೆ ಒಪ್ಪಲಿಲ್ಲ.

ನನ್ನ ಕುಕ್ಕರನ್ನೂ ಆಕೆ ಇದೇ ದೃಷ್ಟಿಯಿಂದ ಪರೀಕ್ಷಿಸಿದಳು. ಫ್ರಾನ್ಸಿನವನಾದ ಡೆನಿ ಪಾಪಿನ್ ಎಂಬಾತ ಲಂಡನ್ನಿನಲ್ಲಿ 1679ರಲ್ಲಿಯೇ ಇಂಥದೊಂದು ಪಾತ್ರೆಯನ್ನು ನಿರ್ಮಿಸಿದನು, ಒಳಗಿನ ಒತ್ತಡ ಏರಿದಾಗ ನೀರು 100 ಡಿಗ್ರಿಗೆ ಕುದಿಯದೆ 120ರ ಸುತ್ತಮುತ್ತ ಕುದಿಯುವುದರಿಂದ ಬೇಳೆ ಬೇಗ ಬೇಯುತ್ತದೆ ಎಂದು ನಾನು ಪಾಠವನ್ನೇ ಮಾಡಿದೆನು. ಆಕೆ ಕೇಳಿಕೊಂಡು, “ಅದೆಲ್ಲಾ ಖರೆ. ಒಳಗ ಏನ ನಡದೈತಿ ಅಂತ ನೋಡೂದ ಹೆಂಗ್ರಿ?” ಎಂದಳು. ಅಡುಗೆ ಮಾಡುವವಳು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು, ಸೌಟಿನಲ್ಲಿ ಅಗುಳೊಂದನ್ನು ಎತ್ತಿ ಹಿಚುಕಿ ನೋಡುವ ಅಧಿಕಾರವನ್ನು ಈ ಪಾತ್ರೆ ಕಿತ್ತುಕೊಳ್ಳುತ್ತದೆಂಬುದು ನನಗೆ ಹೊಳೆದೇ ಇರಲಿಲ್ಲ. ಕೆಲವು ಕಾಲದ ಮೇಲೆ ಹುಬ್ಬಳ್ಳಿಯಿಂದ ಆಕೆಯೂ ಒಂದನ್ನು ತರಿಸಿದಳು. ತೊಗರಿಬೇಳೆಯನ್ನೂ ಕಡಲೆಯನ್ನೂ ಅದಕ್ಕೆ ವಹಿಸಿದಳು, ಅನ್ನವನ್ನು ಕೊಡಲಿಲ್ಲ. ಕುಕ್ಕರಿನ ಅನ್ನದಲ್ಲಿ ಬಸಿದು ತೆಗೆಯಲು ಗಂಜಿ ಉಳಿಯುವುದಿಲ್ಲ; ಗಂಜಿಯಿಲ್ಲದಿದ್ದರೆ ಎಮ್ಮೆಯ ಬಾನಿಗೆ ಏನು ಹುಯ್ಯುವುದು, ಯಜಮಾನನ ಧೋತರಕ್ಕೆ ಏನು ಹಾಕುವುದು? ಸಮಯದ ಉಳಿತಾಯವನ್ನಷ್ಟೇ ಲೆಕ್ಕ ಹಾಕುವ ನನ್ನ ಗಣಿತಕ್ಕಿಂತ ಎಮ್ಮೆಯನ್ನೂ ಸೇರಿಸಿಕೊಂಡ ಆಕೆಯ ಗಣಿತ ದೊಡ್ಡದಾಗಿತ್ತು.

ಹಾರ್ಲಿಕ್ಸ್ ಸೀಸೆಯ ಸಾರಿನ ಪುಡಿಗೆ ಸಿಕ್ಕ ಪ್ರಶಸ್ತಿ ಅರ್ಧಮರ್ಧದ್ದು: “ವಾಸನಿ ಚಲೋ ಐತಿ, ಬಣ್ಣ ಎಲ್ಲೈತ್ರಿ?” ಅದಕ್ಕೆ ಪ್ರತಿಯಾಗಿ ಬಂದುದು ಒಂದು ಬಟ್ಟಲು ಗುರೆಳ್ಳು ಪುಡಿ, ಆಮೇಲೆ ನನ್ನ ಹಟಕ್ಕೆ ಅದನ್ನು ಮಾಡುವ ಕ್ರಮ. ಕರ್ರಗೆ ಮಿನುಗುವ ಆ ಸಣ್ಣ ಕಾಳನ್ನು ಮೊದಲು ಮೊರದಲ್ಲಿ ಕೇರಿ ಮಣ್ಣು ಕಸ ತೆಗೆಯಬೇಕು. ಸಣ್ಣ ಉರಿಯ ಮೇಲೆ, ಎಣ್ಣೆ ಸೋಕಿಸದೆ, ಬಿಡದೆ ಕೈಯಾಡಿಸುತ್ತ ಹುರಿಯಬೇಕು. ಕಾಳು ಚಟಚಟನೆ ಸಿಡಿಯತೊಡಗಿ, ಹಸಿಯ ವಾಸನೆ ಕಳೆದು ಕಮಟು ಪರಿಮಳ ಏಳುವ ಕ್ಷಣದಲ್ಲಿ ಇಳಿಸಬೇಕು. ಒಂದು ಉಸಿರು ತಡವಾದರೂ ಕಹಿ. ಇಳಿಸಿದ್ದನ್ನು ಬಾಣಲೆಯಲ್ಲೇ ಬಿಟ್ಟರೂ ಕಹಿ. ಕೂಡಲೇ ಮೊರದ ಮೇಲೆ ಹರವಬೇಕು. ಪೂರ್ತಿ ಆರಿದ ಮೇಲೆ ಒಳಕಲ್ಲಿಗೆ ಹಾಕಿ, ಉಪ್ಪು, ಜೀರಿಗೆ, ಖಾರದ ಪುಡಿ, ಕರಿಬೇವು, ಕೊನೆಯಲ್ಲಿ ಸಿಪ್ಪೆಸಹಿತವಾದ ಬೆಳ್ಳುಳ್ಳಿ—ಹೀಗೆ ಸೇರಿಸುತ್ತ ತರಿತರಿಯಾಗಿ ಕುಟ್ಟಬೇಕು. ನುಣ್ಣಗಾದರೆ ಎಣ್ಣೆ ಬಿಟ್ಟು ಮುದ್ದೆಗಟ್ಟುತ್ತದೆ, ಒಂದು ವಾರಕ್ಕೆ ಕೆಡುತ್ತದೆ. ಇಷ್ಟೂ ಕೆಲಸದಲ್ಲಿ ಕುಟ್ಟುವುದು ಅತ್ಯಂತ ಸುಲಭದ ಭಾಗ. ಹುರಿಯುವುದರಲ್ಲಿಯೂ ಕಾಯುವುದರಲ್ಲಿಯೂ ಇದೆ ವಿದ್ಯೆಯೆಲ್ಲ.

ವರ್ಷದ ಮಸಾಲೆ ಖಾರವನ್ನು ಕುಟ್ಟುವುದು ಮಾತ್ರ ಬೇರೆಯೇ ಕಥೆ. ಬೇಸಗೆಯಲ್ಲಿ ಬ್ಯಾಡಗಿಯ ಕಾಯಿ ಬಂದಿತೆಂದರೆ ಅಂಗಳದಲ್ಲಿ ಹಾಸಿ ಒಣಗಿಸಿ, ತೊಟ್ಟು ಮುರಿದು, ಕೊತ್ತಂಬರಿ, ಕೊಬ್ಬರಿ, ಲವಂಗ, ದಾಲ್ಚಿನ್ನಿ, ಕಲ್ಲುಹೂವು ಮೊದಲಾದುವನ್ನು ಬೇರೆ ಬೇರೆ ಹುರಿದು, ಒನಕೆಯಿಂದ ಕುಟ್ಟಿಸುತ್ತಿದ್ದರು. ಕುಟ್ಟಿಸುತ್ತಿದ್ದರು ಎಂದೆನಲ್ಲವೆ? ಕುಟ್ಟುತ್ತಿದ್ದವರು ಊರಿನ ಅಂಚಿನ ಕೇರಿಯಿಂದ ಬರುತ್ತಿದ್ದ ಇಬ್ಬರು ಹೆಂಗಸರು. ಮೂಗಿಗೂ ಬಾಯಿಗೂ ಸೆರಗು ಬಿಗಿದುಕೊಂಡು, ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿದ್ದರೂ ಒನಕೆಯ ತಾಳ ತಪ್ಪದಂತೆ ಅವರು ಹಿತ್ತಲಿನಲ್ಲಿ ದಿನವಿಡೀ ಕುಟ್ಟುತ್ತಿದ್ದರು. ಘಾಟಿಗೆ ಹೆದರಿ ನಾವೆಲ್ಲ ಕದ ಮುಚ್ಚಿಕೊಂಡು ಒಳಗೆ ಕೆಮ್ಮುತ್ತಿದ್ದೆವು. ಕೂಲಿಯಾಗಿ ಅಳೆದು ಕೊಟ್ಟ ಜೋಳ, ಒಂದು ಹಿಡಿ ಖಾರ, ಮೇಲಿನಿಂದ ಬೊಗಸೆಗೆ ಹುಯ್ದ ನೀರು. ಆ ಖಾರ ಡಬ್ಬಕ್ಕೆ ಸೇರಿ ಅಡುಗೆಮನೆಯನ್ನು ಹೊಕ್ಕ ಮೇಲೆ ಅದನ್ನು ಕುಟ್ಟಿದವರು ಆ ಅಡುಗೆಮನೆಯ ಹೊಸ್ತಿಲನ್ನು ದಾಟುವಂತಿರಲಿಲ್ಲ. ಅವ್ವನ ಕೈರುಚಿ, ಅವ್ವನ ಖಾರ ಎಂದು ನಾವೆಲ್ಲ ಬಾಯಿ ಚಪ್ಪರಿಸಿದೆವು. ಅವ್ವನೂ ಆ ಹೊಗಳಿಕೆಯನ್ನು ಸಂಕೋಚವಿಲ್ಲದೆ ಸ್ವೀಕರಿಸಿದಳು. ನಾನು ಆಕೆಯನ್ನು ಪ್ರೀತಿಯಿಂದಲೇ ನೆನೆಯುತ್ತೇನೆ, ಇದನ್ನೂ ಅದರ ಜತೆಗೇ ನೆನೆಯುತ್ತೇನೆ. ಮುಂದೆ ಖಾರ ಕುಟ್ಟುವ ಗಿರಣಿಗಳು ಬಂದಾಗ ಆ ಕೇರಿಯ ಹೆಂಗಸರಿಗೆ ಘಾಟು ತಪ್ಪಿತು, ಬೇಸಗೆಯ ಕೂಲಿಯೂ ತಪ್ಪಿತು.

ಸಂಪ್ರದಾಯದ ರುಚಿ ಎಂದು ನಾವು ಯಾವುದನ್ನು ಕರೆಯುತ್ತೇವೆಯೋ ಅದರ ವಯಸ್ಸನ್ನೂ ಒಮ್ಮೆ ವಿಚಾರಿಸಬೇಕು. ಹಾನಗಲ್ಲಿನ ಕದಂಬರಿಗೆ ಅಧಿಪತಿಗಳಾಗಿದ್ದ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗವೆಂಬ ಪ್ರಕರಣವೇ ಇದೆ, ಇಂಗು, ಜೀರಿಗೆ, ಶುಂಠಿ, ಕರಿಮೆಣಸುಗಳಿಂದ ಪರಿಮಳಿಸುವ ಆ ರಾಜಭೋಜನದಲ್ಲಿ ಕೆಂಪು ಮೆಣಸಿನಕಾಯಿ ಇಲ್ಲ, ಇರುವುದು ಸಾಧ್ಯವೂ ಇಲ್ಲ. ಅಮೆರಿಕಾ ಖಂಡದ ಆ ಗಿಡವನ್ನು ಪೋರ್ಚುಗೀಸರು ನಮ್ಮ ಕರಾವಳಿಗೆ ತಂದುದು ಅದಾಗಿ ಶತಮಾನಗಳ ಮೇಲೆ. ಶೇಂಗಾ ಕೂಡ ಅದೇ ಖಂಡದ್ದು. ಹಾಗಿರುವಾಗ ಅವ್ವನ ಶೇಂಗಾ ಹಿಂಡಿಯೂ ಕೆಂಪು ಖಾರವೂ, ಹೆಸರು ತಿಳಿಯದ ಯಾವಳೋ ಒಬ್ಬಳು ಧೈರ್ಯಸ್ಥೆ ಹೊಸ ಕಾಯಿಯೊಂದನ್ನು ಹಳೆಯ ಒಳಕಲ್ಲಿಗೆ ಹಾಕಿ ಪರೀಕ್ಷಿಸಿದುದರ ಫಲವಲ್ಲವೆ? ಪೆರಿ ಪೆರಿಯನ್ನು ಕಂಡು ಮೂಗು ಮುರಿಯುವ ನನ್ನ ಸಮವಯಸ್ಕರಿಗೆ ನಾನು ಇದನ್ನು ನೆನಪಿಸುವುದುಂಟು, ಅವರು ಒಪ್ಪುವುದಿಲ್ಲ.

ತಿಳವಳ್ಳಿಯಿಂದ ವರ್ಗವಾಗಿ ಹೋದ ಬಹಳ ವರ್ಷಗಳ ಮೇಲೆ, ಎಂಬತ್ತರ ದಶಕದಲ್ಲಿ, ಆ ಮನೆಯ ಮದುವೆಯೊಂದಕ್ಕೆ ಹೋಗಿದ್ದೆನು. ಯಜಮಾನನು ತೀರಿಕೊಂಡಿದ್ದನು. ಬೀಸುವ ಕಲ್ಲು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವವರು ಕಾಲಿಡುವ ಮೆಟ್ಟಿಲಾಗಿತ್ತು. ಸೊಸೆಯ ವಶದಲ್ಲಿದ್ದ ಅಡುಗೆಮನೆಗೆ ಮಿಕ್ಸರ್ ಬಂದಿತ್ತು. ಸತ್ಯಪ್ರಕಾಶ ಮಾಥುರ್ ಎಂಬ ಇಂಜಿನಿಯರು, ಪರದೇಶದ ಯಂತ್ರಗಳು ನಮ್ಮ ಕೊಬ್ಬರಿ ಅರಿಸಿನಗಳ ಮುಂದೆ ಸೋತು ಸುಟ್ಟುಹೋಗುವುದನ್ನು ನೋಡಿ, ಅರವತ್ತರ ದಶಕದಲ್ಲಿ ಗಟ್ಟಿ ಮೋಟಾರಿನ ಸುಮೀತ್ ಮಿಕ್ಸರನ್ನು ನಿರ್ಮಿಸಿದ ಮೇಲೆ ಭಾರತದ ಮನೆಗಳಲ್ಲಿ ರುಬ್ಬುಗುಂಡಿನ ಕಾಲ ಮುಗಿಯಲಾರಂಭಿಸಿತೆಂದು ಹೇಳಬೇಕು. ತಿಳವಳ್ಳಿಯಲ್ಲಿ ಸಂಜೆಯ ಹೊತ್ತು ದೀಪವೇ ಕೆಂಪಗೆ ಮಿಣುಕುತ್ತಿದ್ದುದರಿಂದ ಆ ಯಂತ್ರದ ಪೌರುಷವೆಲ್ಲ ಬೆಳಗಿನ ಹೊತ್ತಿಗೆ ಮೀಸಲು. ಕಾಯಿ ಚಟ್ನಿ, ದೋಸೆಯ ಹಿಟ್ಟು, ಹೋಳಿಗೆಯ ಹೂರಣ ಎಲ್ಲವೂ ಅದರಲ್ಲೇ. ಗುರೆಳ್ಳು ಮಾತ್ರ ಅದಕ್ಕೆ ಬೀಳಬಾರದೆಂದು ಮುದುಕಿಯ ಕಟ್ಟಪ್ಪಣೆ. ಸೊಸೆ ಎದುರು ಹೇಳದೆ, ಆಕೆ ಇಲ್ಲದ ಹೊತ್ತು ನೋಡಿ ಅದರಲ್ಲೇ ಮಾಡುತ್ತಿದ್ದಳಂತೆ. ನನ್ನ ಕಿವಿಗೆ ಮಾತ್ರ ಬೀಳುವಂತೆ ಆಕೆ ಹೇಳಿದಳು: “ಅತ್ತೀಯವರ ಮಾತ ಖರೇನರಿ, ಆದ್ರ ಅಷ್ಟ ಹೊತ್ತ ಎಲ್ಲೈತ್ರಿ? ಒಮ್ಮೆಲೆ ತಿರುವಬಾರದು. ತಟಕ್ ಅಂತ ತಿರುವಿ ಬಿಡೂದು, ಮುಚ್ಚಳ ತಗದು ನೋಡೂದು, ಆರಾಕ ಬಿಡೂದು, ಮತ್ತ ತಟಕ್.” ಅತ್ತೆಯು ಗಿರಣಿಯ ಹಿಟ್ಟಿಗೆ ಮಾಡಿದ್ದನ್ನೇ ಸೊಸೆಯು ಮಿಕ್ಸರಿನ ಪುಡಿಗೆ ಮಾಡಿದಳು, ಇಬ್ಬರೂ ಪರಸ್ಪರ ಇದನ್ನು ಒಪ್ಪಿಕೊಂಡಿದ್ದರೆಂದು ಮಾತ್ರ ನನಗೆ ತೋರಲಿಲ್ಲ.

ಮರುದಿನ ಊಟಕ್ಕೆ ಬಡಿಸಿದ ಪುಡಿ ಯಾರದೆಂದು ನಾನು ಕೇಳಲಿಲ್ಲ. ಚೆನ್ನಾಗಿತ್ತು.

ಮೊಮ್ಮಗಳ ಪ್ರಯೋಗದ ಫಲಿತಾಂಶವನ್ನು ಇಲ್ಲಿ ನಮೂದಿಸಬೇಕಾದುದು ನ್ಯಾಯ. ಹೋಳುಗಳನ್ನು ಯಂತ್ರಕ್ಕೆ ಇಡುವ ಮೊದಲೇ ಗುರೆಳ್ಳು ಪುಡಿ ಸವರಿದರೆ ಆಗಲೇ ಹುರಿದಿರುವ ಕಾಳು ಮತ್ತೊಮ್ಮೆ ಕಾದು ಕಹಿಯಾಗುತ್ತದೆ, ಬೆಳ್ಳುಳ್ಳಿ ಸೀಯುತ್ತದೆ. ಹೊರಗೆ ತೆಗೆದ ಮೇಲೆ ನಾಲ್ಕು ಹನಿ ಶೇಂಗಾ ಎಣ್ಣೆ ಸವರಿ ಉದುರಿಸಿದರೆ ಉತ್ತಮ. ಅಂಗಡಿಯ ಪೊಟ್ಟಣದ ಪುಡಿ ತೀರ ನುಣುಪು, ಬೆಳ್ಳುಳ್ಳಿಯೂ ಕಡಿಮೆ. ಅದನ್ನು ನಾನು ಎರಡನೆಯ ಸಲ ಕೊಳ್ಳುವುದಿಲ್ಲ. ಬಜ್ಜಿಯನ್ನು ಆ ಯಂತ್ರ ಮಾಡಲಾರದು, ಹಸಿ ಹಿಟ್ಟು ರಂಧ್ರಗಳಿಂದ ಸೋರಿಹೋಗುತ್ತದೆ. ಹಪ್ಪಳವನ್ನು ಚೆನ್ನಾಗಿ ಸುಡುತ್ತದೆ. ಶೇಂಗಾ ಹುರಿಯುವುದರಲ್ಲಿ ಅದಕ್ಕೆ ಸಮಾನವಿಲ್ಲ. ಓದುಗರ ಮನೆಯಲ್ಲಿ ಮಿಕ್ಸರ್ ಇದ್ದೇ ಇರುತ್ತದೆ. ಕಿರಾಣಿ ಅಂಗಡಿಯಲ್ಲಿ ವಿಚಾರಿಸಿದರೆ ಗುರೆಳ್ಳೂ ಸಿಕ್ಕುತ್ತದೆ. ಪಾವು ಕಿಲೋ ತಂದು ಒಮ್ಮೆ ಮನೆಯಲ್ಲೇ ಮಾಡಿ ನೋಡಿರಿ. ಹುರಿದ ಕಾಳು ಪೂರ್ತಿ ಆರುವ ತನಕ ಮಾತ್ರ ಮಿಕ್ಸರಿನ ಗುಂಡಿಗೆ ಕೈ ಹಾಕಬೇಡಿರಿ.